ಆನೆಗೊಂದು ಕಿಸೆ

ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನ ಕಂಡಕ್ಟರುಗಳಿಗೆ ವರ್ಷಕ್ಕೆ ಎರಡು ತಿಂಗಳು ಒಂದು ತಲೆನೋವು ಇದ್ದದ್ದೇ. ಶಾಲೆಗಳ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ, ಶುರುವಾಯಿತೆಂದರೆ ಸುಗ್ರಾಬಿ ಎರಡು ಗಂಟು ಹೊತ್ತುಕೊಂಡು, ಕಂಕುಳಲ್ಲಿ ಹುಲಿಯ ತಲೆಯೊಂದನ್ನು ಅವುಚಿಕೊಂಡು ಬಸ್ಸು ಹತ್ತುತ್ತಾಳೆ. ಹೋದ ವರ್ಷ ಹೊಸದಾಗಿ ಬಂದ ಕಂಡಕ್ಟರನೊಬ್ಬ ಟಿಕೆಟ್ ಮಷೀನು ಹಿಡಿದು ಹುಲಿಯ ಮುಂದೆ ನಿಂತೇಬಿಟ್ಟ.

"ಇದು ಲಗೇಜ್ ಏನ್ರಿ, ಮಂದಿ ಏನ್ರಿ?"

ಸುಗ್ರಾಬಿ ಹುಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೆರಗು ಹೊದಿಸಿದಳು. "ಹೆಣ್ಣಹುಲಿ ಐತೋ ತಮ್ಮಾ. ಫ್ರೀ ಟಿಕೇಟ್ ಹರಿ."

ಇಡೀ ಬಸ್ಸು ನಕ್ಕಿತು. ಕಂಡಕ್ಟರನೂ ನಕ್ಕು ಮುಂದಿನ ಸೀಟಿಗೆ ಹೋದ. ಸರಕಾರಿ ಮನುಷ್ಯರಿಗೆ ಒಂದು ವಸ್ತು ಕಂಡರೆ ಅದು ಯಾವ ಖಾನೆಗೆ ಸೇರುತ್ತದೆ ಎಂಬ ಚಿಂತೆ ಹತ್ತುತ್ತದೆ ಅಂತ ನಮಗೆ ಅವತ್ತೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಈ ವರ್ಷ ಒಂದು ಆನೆಯಿಂದಾಗಿ ಚೆನ್ನಾಗಿ ಗೊತ್ತಾಯಿತು.

ನಾನು ವಿದ್ಯಾವತಿ, ಸಿಂದಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನಗೆ ಸಿಟ್ಟು ಬೇಗ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವಾಗ ಯಾಕೆ ಈ ಹೆಂಗಸು ಹೀಗೆ ಒದರುತ್ತಾಳೆ ಅಂತ ಅನ್ನಬೇಡಿ.

ಸುಗ್ರಾಬಿಯ ಅಂಗಡಿ ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿದೆ. ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನೊಳಗೆ ಯಾವ ಮಗು ವೇದಿಕೆ ಹತ್ತಿ ಒನಕೆ ಎತ್ತಿದರೂ, ಬಿಳಿ ಗಡ್ಡ ಹಚ್ಚಿಕೊಂಡು ವಚನ ಹೇಳಿದರೂ, ಮಂಗನಾಗಿ ಬಾಳೆಹಣ್ಣು ಸುಲಿದರೂ ಆ ವೇಷ ಬಾಡಿಗೆಗೆ ಹೋಗಿರುವುದು ಇಲ್ಲಿಂದಲೇ. ಆಕೆಯ ಗಂಡ ಮೈಬೂಬ ಗಿಡ್ಡ, ಸಣಕಲ, ಮಾತು ಕಡಿಮೆ. ಇಪ್ಪತ್ತು ವರ್ಷದಿಂದ ಅಂಗಡಿಯ ಬೊಂಬೆ ಆತನೇ. ಏಳನೆಯ ತರಗತಿಯ ಅಳತೆಯ ವೇಷಗಳೆಲ್ಲ ಮೊದಲು ಆತನ ಮೈಗೆ ಏರುತ್ತವೆ. ಒಂದು ದಿನ ಮಂಗನ ವೇಷದಲ್ಲೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ದಾರಿಯಲ್ಲಿ ಹೋಗುವವರು "ಆರಾಮ ಏನ್ರಿ ಮೈಬೂಬಣ್ಣ" ಅಂದರೆ "ಆರಾಮ್ರಿ" ಅಂದು ಬಾಲ ಸರಿಸಿ ಜಾಗ ಮಾಡಿ ಕೊಡುತ್ತಿದ್ದ.

ಮೂವತ್ತೊಂದು ವರ್ಷದಲ್ಲಿ ಸುಗ್ರಾಬಿ ಹೊಲಿದ ಒಂದೇ ಒಂದು ವೇಷವೂ ವೇದಿಕೆಯ ಮೇಲೆ ಬಿಚ್ಚಿಲ್ಲ. ಇದು ಆಕೆಯ ಸೊಕ್ಕು. ಈ ಸೊಕ್ಕಿಗೆ ಒಂದು ಕಾರಣವಿದೆ, ಆಕೆ ಒಂದೇ ಸಲ ನನಗೆ ಹೇಳಿದ್ದಾಳೆ. ದೇವಣಗಾಂವದ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾಗ ಗ್ಯಾದರಿಂಗಿನಲ್ಲಿ ಆಕೆ ನವಿಲಾಗಿದ್ದಳು. ಯಾರೋ ಅವಸರಕ್ಕೆ ಹೊಲಿದುಕೊಟ್ಟ ನೀಲಿ ಅಂಗಿ. ಕುಣಿಯಲು ಎರಡೂ ಕೈ ಮೇಲೆತ್ತಿದ್ದೇ ತಡ, ಬಗಲಿನಿಂದ ಸೊಂಟದವರೆಗೆ ಟರ್ರ್ ಅಂತ ಹರಿಯಿತು. ಊರಿಗೆ ಊರೇ ನಕ್ಕಿತು. ಹುಡುಗಿ ನವಿಲಿನ ತಲೆ ಹೊತ್ತುಕೊಂಡೇ ಹೊಲದ ಬದುವಿನ ಮೇಲೆ ಓಡಿ ಮನೆ ಸೇರಿದಳು. ಆಮೇಲೆ ಆಕೆ ಜೀವಮಾನದಲ್ಲಿ ವೇದಿಕೆ ಹತ್ತಲಿಲ್ಲ. ವೇಷ ಕೊಟ್ಟ ಶಾಲೆಯವರು ಸನ್ಮಾನಕ್ಕೆ ಕರೆದರೂ ಹತ್ತುವುದಿಲ್ಲ, ಕೆಳಗೆ ಮೊದಲ ಸಾಲಿನಲ್ಲಿ ಕೂತು ಮಕ್ಕಳ ಮುಖ ಬಿಟ್ಟು ಬಗಲು ನೋಡುತ್ತಿರುತ್ತಾಳೆ.

ಈ ವರ್ಷ ನಮ್ಮ ಶಾಲೆಯ ಗ್ಯಾದರಿಂಗು ಜನವರಿ ಇಪ್ಪತ್ತನಾಲ್ಕಕ್ಕೆ ಅಂತ ನಿಗದಿಯಾಯಿತು. ಹೆಡ್ ಮಾಸ್ತರ ಬಸಂತರಾಯ ಸರ್ ಒಂದು ನಾಟಕ ಬರೆದರು, "ಕಾಡಿನ ಪಂಚಾಯ್ತಿ". ಅದರಲ್ಲಿ ಅರವತ್ತನಾಲ್ಕು ಪ್ರಾಣಿಗಳು. ಅಷ್ಟೊಂದು ಯಾಕೆ ಸರ್ ಅಂತ ಕೇಳಿದೆ. ಹೋದ ವರ್ಷ ಒಬ್ಬ ಹುಡುಗನನ್ನು ಗಿಡ ಮಾಡಿದ್ದೆವು, ಅವನ ತಾಯಿ ಒಂದು ತಿಂಗಳು ನನ್ನ ಜೊತೆ ಜಗಳ ತೆಗೆದಿದ್ದಳು, ನೆನಪಿಲ್ಲವೇನು ಅಂದರು. ನೆನಪಿತ್ತು. ಅದಕ್ಕೆ ಈ ಸಲ ಗಿಡ ಇಲ್ಲ, ಕಲ್ಲು ಇಲ್ಲ, ಎಲ್ಲರೂ ಪ್ರಾಣಿಗಳೇ. ಒಂದನೆಯ ತರಗತಿಯ ನಿಷತ ಆನೆಯಾದಳು. ಆಕೆ ಇರುವುದೇ ಬೆಂಡೆಕಾಯಿಯಷ್ಟು. ಆದರೆ "ಆನಿ ಯಾರಾಗ್ತೀರಿ?" ಅಂತ ಕೇಳಿದಾಗ ಕೈ ಎತ್ತಿದವಳು ಆಕೆ ಒಬ್ಬಳೇ.

ಸುಗ್ರಾಬಿ "ಅರವತ್ನಾಕೂ ಕೊಡ್ತೇನ್ರಿ ಅಕ್ಕೋರ" ಅಂತ ಮಾತು ಕೊಟ್ಟಳು. ಅಂಗಡಿಯಲ್ಲಿದ್ದ ಪ್ರಾಣಿಗಳನ್ನೆಲ್ಲ ಬೇರೆ ಶಾಲೆಗಳು ಆಗಲೇ ಬಾಡಿಗೆಗೆ ಗೊತ್ತು ಮಾಡಿದ್ದವು, ನಮ್ಮವನ್ನೆಲ್ಲ ಹೊಸದಾಗಿಯೇ ಹೊಲಿಯಬೇಕಿತ್ತು. ಮಾತು ಕೊಟ್ಟ ಎಂಟನೇ ದಿನಕ್ಕೆ ಕಣ್ಣಿನ ಡಾಕ್ಟರು ಪೊರೆ ಬಲಿತಿದೆ, ತೆಗೆಯಲೇಬೇಕು ಅಂದರು. ಆಪರೇಶನ್ ಆಯಿತು. ಎರಡು ತಿಂಗಳು ಸೂಜಿ ಮುಟ್ಟಬಾರದು, ಮಷೀನು ತುಳಿಯಬಾರದು, ಕಣ್ಣಿಗೆ ನೀರು ತಾಗಬಾರದು. ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಸುಮ್ಮನೆ ಕೂತ ಸುಗ್ರಾಬಿಯನ್ನು ನೋಡುವುದಕ್ಕೇ ಸಂಕಟವಾಗುತ್ತಿತ್ತು.

ಆಗ ಆಕೆಯ ಅಕ್ಕನ ಮಗ ಯುನೂಸ ಮುಂದೆ ಬಂದ. ಇಂಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಹೊರದೇಶದಿಂದ ಕವರು-ಚಾರ್ಜರು ತರಿಸಿ ರೂಢಿ. "ಖಾಲಾ, ಚೀನಾದಿಂದ ತಯಾರ ವೇಷಾನ ತರಸೂಣು. ಹುಲಿ, ಕರಡಿ, ಆನಿ, ಏನ ಬೇಕಾದ್ದು ಸಿಗತೈತಿ" ಅಂದ. ಬೇರೆ ದಾರಿ ಇರಲಿಲ್ಲ. ಸುಗ್ರಾಬಿ ಮುಖ ಹುಳ್ಳಗೆ ಮಾಡಿಕೊಂಡು ಹೂಂ ಅಂದಳು. ಆಮದಿನ ಲೈಸೆನ್ಸು ಆಕೆಯ ಹೆಸರಿನಲ್ಲೇ ಆಯಿತು. ಮಾಲು ಬರುವ ಮೊದಲು ನಮೂನೆಗೆ ಅಂತ ಒಂದು ಆನೆ ಕೊರಿಯರಿನಲ್ಲಿ ಬಂತು.

ನಾನೂ ಅಲ್ಲೇ ಇದ್ದೆ. ಬೂದು ಬಣ್ಣದ ಮೆತ್ತನೆ ಆನೆ, ಸೊಂಡಿಲು ಜೋತಾಡುತ್ತಿತ್ತು, ಕಿವಿಯೊಳಗೆ ಗುಲಾಬಿ ಬಣ್ಣ. ನನಗಂತೂ ಬಹಳ ಚಂದ ಕಂಡಿತು. ಸುಗ್ರಾಬಿ ಅದನ್ನು ನೋಡಲಿಲ್ಲ, ಬಗಲಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದಕ್ಕ ಹೊಲಿಗಿ ಅಂತಾರೇನ್ರಿ? ಸೂಜಿ ಇದರ ಬಾಜೂಕ ಹಾದು ಹೋಗೈತಿ, ಅಷ್ಟ."

"ಹತ್ತ ಮಿನಿಟಿನ ನಾಟಕಕ್ಕ ಸಾಕಲ್ಲೇನ್ರಿ ಸುಗ್ರಾಬಿ?" ಅಂದೆ.

ಆಕೆ ಆನೆಯನ್ನು ಮಡಚಿ ಬದಿಗಿಟ್ಟಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ನಾಲ್ಕು ದಿನ ಬಿಟ್ಟು ಹೋಗಿ ನೋಡುತ್ತೇನೆ, ಸುಗ್ರಾಬಿ ಕಪ್ಪು ಕನ್ನಡಕದಲ್ಲೇ ಮಷೀನು ತುಳಿಯುತ್ತಿದ್ದಾಳೆ, ಬೆರಳಿನಿಂದಲೇ ದಾರಿ ಹುಡುಕಿಕೊಂಡು! ಆನೆಯ ಬಗಲಿಗೆ ಎರಡೆರಡು ಹೊಲಿಗೆ ಬಿದ್ದಿತ್ತು. ಒಳಗೆ ಹತ್ತಿಬಟ್ಟೆಯ ಅಸ್ತರು. ಬೆನ್ನಿಗೆ ಕಿತ್ತು ಬರುತ್ತಿದ್ದ ಅಂಟುಪಟ್ಟಿ ಹೋಗಿ ಗಟ್ಟಿ ಚೈನು ಬಂದಿತ್ತು. ಎಡಗಡೆ ಹೊಟ್ಟೆಯ ಹತ್ತಿರ ಒಂದು ಕಿಸೆ ಕೂಡ.

"ಆನೀಗಿ ಕಿಸೆ ಯಾಕ್ರಿ!" ಅಂತ ಒದರಿದೆ.

"ನಿಷತಗ ನೆಗಡಿ ಭಾಳ. ಕರ್ಚೀಪ ಎಲ್ಲಿ ಇಡಬೇಕದು, ಸೊಂಡಿಲದಾಗ?"

ನಾನು ಕಿಸೆಯೊಳಗೆ ಕೈ ಹಾಕಿ ನೋಡಿದೆ, ಕರ್ಚೀಪಿಗೆ ಸರಿಯಾದ ಅಳತೆ.

ಜನವರಿ ಮೊದಲ ವಾರ ಮಾಲು ಮುಂಬೈ ಬಂದರಿಗೆ ಬಂತು. ಅಲ್ಲಿ ಕಾಗದ-ಪತ್ರ ನೋಡಿಕೊಳ್ಳುವ ಏಜೆಂಟ್ ಫೋನು ಮಾಡಿ ವಿವರ ಹೇಳಿದ. ಕಸ್ಟಮ್ಸ್‌ನವರ ಪುಸ್ತಕದಲ್ಲಿ ಜಗತ್ತಿನ ಎಲ್ಲ ವಸ್ತುವಿಗೂ ಒಂದೊಂದು ಅಧ್ಯಾಯ ಇದೆಯಂತೆ. ಉಡುವ ಬಟ್ಟೆ ಒಂದು ಕಡೆ, ಹಬ್ಬ-ಮೋಜಿನ ಸಾಮಾನು ಇನ್ನೊಂದು ಕಡೆ. ಮಕ್ಕಳ ವೇಷ ಎರಡರ ನಡುವೆ ಕಾಲು ಚಾಚಿ ಮಲಗಿರುವ ಪ್ರಾಣಿ. ತೆಳ್ಳಗೆ, ಒಂದು ದಿನ ಹಾಕಿ ಬಿಸಾಡುವಂಥದ್ದಾದರೆ ಮೋಜಿನ ಸಾಮಾನು, ಗಟ್ಟಿಯಾಗಿ ಹೊಲಿದದ್ದಾದರೆ ಬಟ್ಟೆ, ಇದು ಏಜೆಂಟನ ವಾದ. ನಮ್ಮದನ್ನು ಆತ ಹಬ್ಬದ ಸಾಮಾನು ಅಂತ ಬರೆಸಿದ್ದ. "ಅಧಿಕಾರಿಗಳಿಗೆ ತೋರಿಸೋದಕ್ಕೆ ನಮೂನೆ ಇದ್ದರೆ ಕಳಿಸಿ, ಕೆಲಸ ಬೇಗ ಆಗುತ್ತೆ" ಅಂದ.

ನಮ್ಮ ಹತ್ತಿರ ನಮೂನೆ ಇತ್ತಲ್ಲ! ಸುಗ್ರಾಬಿ ಆನೆಯನ್ನು ಇಸ್ತ್ರಿ ಮಾಡಿ, ನುಸಿಗುಳಿಗೆ ಇಟ್ಟು, ಮಡಚಿ ಕೊಟ್ಟಳು. ಪೊಟ್ಟಣ ಕಟ್ಟಿದವಳು ನಾನು, ಕೊರಿಯರಿಗೆ ಕೊಟ್ಟು ಬಂದವಳೂ ನಾನು. ಡಿಗ್ರಿ ಓದಿದ್ದೇನೆ, ಬಿ.ಎಡ್. ಮಾಡಿದ್ದೇನೆ. ಒಂದು ಕ್ಷಣವಾದರೂ ತಲೆ ಓಡಬೇಡವೇ? ಓಡಲಿಲ್ಲ.

ಹನ್ನೆರಡನೇ ತಾರೀಕಿಗೆ ನೋಟಿಸು ಬಂತು. ಯುನೂಸ ಇಂಡಿಯಿಂದ ಬೈಕಿನಲ್ಲಿ ಹಾರಿ ಬಂದು, ಮೊಬೈಲು ನನ್ನ ಕೈಗೆ ಕೊಟ್ಟು "ಓದ್ರಿ ಅಕ್ಕೋರ, ಕಸ್ಟಮ್ಸ್‌ನವರು ಬರದಾರ" ಅಂದ. ಇಂಗ್ಲಿಷಿನಲ್ಲಿತ್ತು. ಕನ್ನಡ ಮಾಡಿ ಓದಿದೆ. ಪರಿಶೀಲಿಸಿದ ನಮೂನೆಯ ಹೊಲಿಗೆಗಳು ಅತ್ಯಂತ ದೃಢವಾಗಿವೆ, ಅಂಚುಗಳನ್ನು ಅಚ್ಚುಕಟ್ಟಾಗಿ ಮಡಚಿ ಹೊಲಿಯಲಾಗಿದೆ, ಒಳ ಅಸ್ತರು ಉತ್ತಮ ಗುಣಮಟ್ಟದ್ದು, ಉಪಯೋಗಕ್ಕೆ ಬರುವ ಕಿಸೆಯೂ ಇದೆ, ಇದು ಬಹುಕಾಲ ಬಾಳಿಕೆ ಬರುವ ಉಡುಪೆಂಬುದರಲ್ಲಿ ಸಂದೇಹವಿಲ್ಲ.

ಸುಗ್ರಾಬಿ ಕನ್ನಡಕ ತೆಗೆದಳು. "ಇನ್ನೊಮ್ಮೆ ಓದ್ರಿ."

ಓದಿದೆ.

"ಆ ಅಸ್ತರಿಂದು ಇನ್ನೊಮ್ಮೆ."

"ಸುಗ್ರಾಬಿ, ಇದು ನೋಟಿಸ್ ಐತ್ರಿ!"

"ಇರಲಿ ಬಿಡ್ರಿ. ಮೂವತ್ತೊಂದ ವರ್ಷದಾಗ ಒಬ್ಬರರೆ ನನ್ನ ಅಸ್ತರ ನೋಡ್ಯಾರೇನು? ಸರಕಾರ ಬರದ ಕೊಟ್ಟೈತಿ! ಯುನೂಸಾ, ಇದನ್ನ ಛಾಪಿಸಿ ಕಟ್ಟ ಹಾಕಸೋ. ಇಲ್ಲಿ ಮಷೀನಿನ ಮ್ಯಾಲ ಹಾಕೂಣು."

ಮೈಬೂಬ ಆಗಲೇ ಗೋಡೆಗೆ ಮೊಳೆ ಹುಡುಕಲು ಎದ್ದಿದ್ದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೋಟಿಸಿನ ಕೊನೆಯ ಎರಡು ಸಾಲು ಓದಿದ ಮೇಲೆ ಎಲ್ಲರೂ ತಣ್ಣಗಾದರು. ಬಟ್ಟೆಯನ್ನು ಹಬ್ಬದ ಸಾಮಾನೆಂದು ತಪ್ಪಾಗಿ ಬರೆಸಿದ್ದೀರಿ, ಮಾಲನ್ನು ತಡೆಹಿಡಿಯಲಾಗಿದೆ, ಹದಿನೈದನೇ ತಾರೀಕಿಗೆ ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಿ. ಏಜೆಂಟನಿಗೆ ಫೋನು ಹಚ್ಚಿದೆವು. ಬಟ್ಟೆ ಅಂತಾದರೆ ಬಣ್ಣದ ಪರೀಕ್ಷೆಗೆ ಲ್ಯಾಬಿಗೆ ಹೋಗಬೇಕಾಗುತ್ತದೆ, ಇಪ್ಪತ್ತು ದಿನ ಬೇಕು ಅಂದ. ಗ್ಯಾದರಿಂಗಿಗೆ ಉಳಿದದ್ದು ಹನ್ನೆರಡೇ ದಿನ. ಅರವತ್ತನಾಲ್ಕು ಮಕ್ಕಳು ದಿನಾ ಮೈದಾನದಲ್ಲಿ ಗರ್ಜಿಸಿ ಗರ್ಜಿಸಿ ಗಂಟಲು ಕೆಡಿಸಿಕೊಂಡಿದ್ದರು.

"ಭಾಳ ಸರಳ ಐತಿ ಖಾಲಾ," ಅಂದ ಯುನೂಸ. "ವಿಡಿಯೊದಾಗ ಹೇಳ್ರಿ, ಸಾಹೇಬ್ರ, ಈ ಮಾಲು ಕಚಡಾ ಐತ್ರಿ, ಕೈ ಹಚ್ಚಿದ್ರ ಹರೀತೈತ್ರಿ ಅಂತ."

ಸುಗ್ರಾಬಿ ಎದ್ದು ನಿಂತಳು. "ನನ್ನ ಹೆಸರಿಲೆ ಬಂದ ಮಾಲಿಗೆ, ನನ್ನ ಬಾಯಿಲೆ, ಕಚಡಾ ಅಂತ ಹೇಳಸ್ತೀ?"

"ಖರೇ ಐತಲ್ಲ ಖಾಲಾ!"

"ಖರೇ ಇದ್ರೂ ಸರಕಾರದ ಮುಂದ ಹೇಳೂದಿಲ್ಲ ನಾ. ಸುಗ್ರಾಬಿ ಹರಿಯೂ ವೇಷ ಕೊಡ್ತಾಳ ಅಂತ ಬರಕೋತಾರ. ಬೇಕಾದ್ರ ಬಟ್ಟಿ ಅಂತನ ಬರಕೋಳ್ಳಿ, ಪರೀಕ್ಷಾ ಮಾಡ್ಲಿ."

ನನಗೆ ತಡೆಯಲಾಗಲಿಲ್ಲ. "ನಿಮ್ಮ ಸೊಕ್ಕಿಗೆ ಬೆಂಕಿ ಹಚ್ಚಲಿ! ಅರವತ್ನಾಕ ಮಕ್ಕಳಿಗೆ ನಾ ಏನ ಹೇಳ್ಲಿ? ಇಪ್ಪತ್ತನಾಕಕ್ಕ ಎಲ್ಲಾರೂ ಗಿಡ ಆಗ್ರಿ ಅನ್ಲೇನು?" ಅಂದುಬಿಟ್ಟೆ. ಅಷ್ಟು ಅನ್ನಬಾರದಿತ್ತು. ಸುಗ್ರಾಬಿ ಕಪ್ಪು ಕನ್ನಡಕ ಮತ್ತೆ ಏರಿಸಿಕೊಂಡಳು, ಯುನೂಸ ಬೈಕು ಹತ್ತಿ ಹೋದ, ಮೈಬೂಬ ಮೊಳೆಯನ್ನು ಡಬ್ಬಿಗೆ ಹಾಕಿದ.

ಅದೇ ಹೊತ್ತಿಗೆ ಮೈದಾನದಲ್ಲಿ ತಾಲೀಮು ಮುಗಿಯಿತು. ನಿಷತ ದಿನದಂತೆ ಬಾಗಿಲಲ್ಲಿ ಬಂದು ಮೂಗು ಏರಿಸುತ್ತ ನಿಂತಳು.

"ಆನಿ ಬಂತೇನ್ರಿ?"

ಹುಡುಗಿ ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ, "ಇರಲಿ ಬಿಡ್ರಿ, ನಾಳೆ ಬರ್ತೇನಿ" ಅಂದು ಹೋದಳು. ನಮಗೇ ಸಮಾಧಾನ ಹೇಳಿ ಹೋದಳು.

ಹದಿನೈದನೇ ತಾರೀಕು ಬೆಳಗ್ಗೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಾನು ತಂತಿ ಜೋಡಿಸುತ್ತಿದ್ದೆ, ಸುಗ್ರಾಬಿ ಬರುತ್ತಾಳೋ ಇಲ್ಲವೋ ಅಂತ ಗಳಿಗೆಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದೆ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಸುಗ್ರಾಬಿ ಬಂದಳು. ಹಬ್ಬಕ್ಕೆ ಉಡುವ ಇಳಕಲ್ ಸೀರೆ, ತಲೆ ತುಂಬ ಸೆರಗು, ಕಪ್ಪು ಕನ್ನಡಕ. ನನ್ನ ಮುಖ ನೋಡದೆ "ಎಲ್ಲಿ ಕುಂಡರಬೇಕ್ರಿ?" ಅಂದಳು. ಹಿಂದಿನಿಂದ ಯುನೂಸ, ಮೈಬೂಬ, ಬಸಂತರಾಯ ಸರ್ ಮೂವರೂ ಒಳಗೆ ನುಗ್ಗಿದರು.

ಪರದೆಯ ಮೇಲೆ ಮೂರು ಕಿಟಕಿ ತೆರೆದವು. ಒಂದರಲ್ಲಿ ಮುಂಬೈ ಕಸ್ಟಮ್ಸ್ ಅಧಿಕಾರಿ, ಗಂಭೀರ ಮನುಷ್ಯ, ಮೇಜಿನ ಮೇಲೆ ನಮ್ಮ ಆನೆ. ಇನ್ನೊಂದರಲ್ಲಿ ಏಜೆಂಟ್. ಮೂರನೆಯದರಲ್ಲಿ ಬಂದರಿನ ಗೋದಾಮಿನಲ್ಲಿ ನಮ್ಮ ಡಬ್ಬಿಗಳ ಮುಂದೆ ನಿಂತ ಒಬ್ಬ ಸಿಬ್ಬಂದಿ. ಅಧಿಕಾರಿ ಹಿಂದಿಯಲ್ಲಿ ಮಾತಾಡಿದರು. ಸುಗ್ರಾಬಿ ಸಿಂದಗಿಯ ಹಿಂದಿಯಲ್ಲಿ, ಅಂದರೆ ಕನ್ನಡಕ್ಕೆ ಅಲ್ಲಲ್ಲಿ "ಹೈ" ಹಚ್ಚಿ, ಉತ್ತರ ಕೊಟ್ಟಳು. ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಅಮ್ಮಾ, ಇದು ನಿಮ್ಮ ಮಾಲಿನ ನಮೂನೆ ತಾನೆ?" ಅಧಿಕಾರಿ ಆನೆಯನ್ನು ಎತ್ತಿ ತೋರಿಸಿದರು. "ಇಷ್ಟು ಚೆನ್ನಾಗಿ ಹೊಲಿದದ್ದನ್ನು ಹಬ್ಬದ ಸಾಮಾನು ಅಂತ ಹೇಗೆ ಬರೆಸಿದಿರಿ?"

ಸುಗ್ರಾಬಿ ಸೆರಗಿನ ತುದಿ ಹಿಡಿದು ತಿರುವುತ್ತಿದ್ದಳು. ಏಜೆಂಟ್ ತನ್ನ ಕಿಟಕಿಯೊಳಗೆ ಹೇಳಿ, ಹೇಳಿ ಅಂತ ಹುಬ್ಬು ಕುಣಿಸುತ್ತಿದ್ದ. ನಾನು ಮನಸ್ಸಿನಲ್ಲೇ ಮಲ್ಲಯ್ಯನಿಗೆ ಐದು ತೆಂಗಿನಕಾಯಿ ಹೇಳಿಕೊಂಡೆ.

"ಸಾಹೇಬ್ರ," ಅಂದಳು ಕೊನೆಗೆ, "ಆ ಗೋದಾಮದಾಗಿನ ಅಣ್ಣಗ ಒಂದ ಡಬ್ಬಿ ಒಡ್ಯಾಕ ಹೇಳ್ರಿ."

ಸಿಬ್ಬಂದಿ ಡಬ್ಬಿ ಒಡೆದು ಒಂದು ಆನೆ ತೆಗೆದ.

"ಈಗ ಅದನ್ನ ಜಗ್ಗಸ್ರಿ."

ಅವನು ಸರಕಾರದ ವಶದಲ್ಲಿರುವ ಮಾಲು ಅಂತ ಹೆದರಿ, ಮದುಮಗಳ ಕೈ ಹಿಡಿದ ಹಾಗೆ ಮೆಲ್ಲಗೆ ಜಗ್ಗಿದ. ಏನೂ ಆಗಲಿಲ್ಲ. ಅಧಿಕಾರಿ "ಗಟ್ಟಿಯಾಗೇ ಇದೆಯಲ್ಲ" ಅಂದರು. ಯುನೂಸ ತಲೆಯ ಮೇಲೆ ಕೈ ಇಟ್ಟುಕೊಂಡ.

ಸುಗ್ರಾಬಿ ಕುರ್ಚಿಯಿಂದ ಅರ್ಧ ಎದ್ದಳು. "ಅಲ್ಲಲ್ಲೋ ತಮ್ಮಾ! ಹೊಟ್ಟಿ ಹಿಡಕೊಂಡ ಏನ ಜಗ್ತೀ? ಬಗಲಾಗ ಕೈ ಹಾಕು! ಕೂಸು ಕೈ ಎತ್ತಿದಂಗ ಎತ್ತು!"

ಎತ್ತಿದ. ಟರ್ರ್!

ಬಗಲು ಹೋಯಿತು. ಹರಿದದ್ದು ಅಲ್ಲಿಗೆ ನಿಲ್ಲಲಿಲ್ಲ, ಸೊಂಟಕ್ಕೆ ಇಳಿಯಿತು, ಬಾಲ ಕಳಚಿ ನೆಲಕ್ಕೆ ಬಿತ್ತು. ಸಿಬ್ಬಂದಿ ಗಾಬರಿಯಾಗಿ ಬಾಲ ಹಿಡಿಯಲು ಬಗ್ಗಿದ, ಆನೆಯ ತಲೆ ಕಿತ್ತು ಬಂತು, ಕೊನೆಗೆ ಅವನ ಕೈಯಲ್ಲಿ ಸೊಂಡಿಲೊಂದೇ ಉಳಿಯಿತು. ಅದನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಅವನು ಅಧಿಕಾರಿಗೆ ಸೆಲ್ಯೂಟು ಹೊಡೆದ, ಸೊಂಡಿಲಿನ ಸಮೇತ. ಗಂಭೀರ ಅಧಿಕಾರಿ ಮೊದಲು ಕೆಮ್ಮಿದರು, ಆಮೇಲೆ ಕರವಸ್ತ್ರ ಬಾಯಿಗೆ ಇಟ್ಟುಕೊಂಡರು, ಆಮೇಲೆ ತಡೆಯಲಾರದೆ ಬಿದ್ದು ಬಿದ್ದು ನಕ್ಕರು. ಏಜೆಂಟನ ಕಿಟಕಿಯಲ್ಲಿ ಮನುಷ್ಯನೇ ಇರಲಿಲ್ಲ, ಮೇಜಿನ ಕೆಳಗೆ ಇಳಿದಿದ್ದ. ಬಸಂತರಾಯ ಸರ್ ಗೋಡೆ ಹಿಡಿದು ಹೊಟ್ಟೆ ಅದುಮಿಕೊಂಡಿದ್ದರು.

ನಗದೆ ಕೂತವಳು ಸುಗ್ರಾಬಿ ಒಬ್ಬಳೇ. ಆ ಟರ್ರ್ ಕೇಳಿದಾಗ ಆಕೆ ಕಣ್ಣು ಮುಚ್ಚಿದ್ದನ್ನು ನಾನು ಪಕ್ಕದಿಂದ ಕಂಡೆ.

"ನೋಡಿದ್ರಲ್ಲ ಸಾಹೇಬ್ರ," ಅಂದಳು, ದನಿ ಇಳಿದಿತ್ತು. "ನನ್ನ ಹೆಸರಿಲೆ ಬಂದ ಮಾಲು ಕಚಡಾ ಐತ್ರಿ. ನಿಮ್ಮ ಮುಂದ ಇರೂ ಆನೀನ ನಾ ಬಿಚ್ಚಿ ಹೊಲದೇನಿ. ಅಸ್ತರ ನಂದು, ಚೈನ ನಂದು, ಕಿಸೇನೂ ನಂದ. ಮೋಸ ಮಾಡಾಕಲ್ರಿ, ಕೈ ಸುಮ್ಮಕ ಕೂಡಲಿಲ್ಲ."

ಅಧಿಕಾರಿ ಕಣ್ಣು ಒರೆಸಿಕೊಂಡು ನಮ್ಮ ಆನೆಯನ್ನು ಒಳಗು-ಹೊರಗು ಮಾಡಿ ನೋಡಿದರು. "ಕಣ್ಣಿಗೆ ಏನಾಗಿದೆ ಅಮ್ಮಾ?"

"ಆಪರೇಶನ್ರಿ."

"ಆಪರೇಶನ್ ಆದ ಕಣ್ಣಲ್ಲಿ ಇದನ್ನ ಹೊಲಿದಿರಾ? ಹತ್ತು ನಿಮಿಷ ಹಾಕಿಕೊಳ್ಳೋ ವೇಷಕ್ಕೆ ಇಷ್ಟು ಯಾಕೆ?"

"ಹತ್ತ ಮಿನಿಟ ಇದ್ರೂ ಒಳಗ ಕೂಸಿರತೈತಲ್ರಿ ಸಾಹೇಬ್ರ," ಅಂದಳು ಸುಗ್ರಾಬಿ. "ವೇಷ ಹರದ್ರ ಮಂದಿ ವೇಷಕ್ಕ ನಗೂದಿಲ್ಲ, ಕೂಸಿಗೆ ನಗ್ತಾರ."

ಅಧಿಕಾರಿ ಆನೆಯನ್ನು ಮೆಲ್ಲಗೆ ಮಡಚಿ ಬದಿಗಿಟ್ಟರು. ಆಮೇಲೆ ಬರೆದುಕೊಂಡರು. ಪರದೆ ಕಪ್ಪಾದ ಮೇಲೆ ನಾನು ಸುಗ್ರಾಬಿಯ ಕೈ ಹಿಡಿದು "ತಪ್ಪಾತ್ರಿ, ಅವತ್ತ ಬಾಯಿಗೆ ಬಂದಂಗ ಅಂದೆ" ಅಂದೆ. "ನೀವು ಬೈದಿದ್ದಕ್ಕ ಬಂದಿಲ್ರಿ, ಸುಮ್ನ ಹಿಗ್ಗಬ್ಯಾಡ್ರಿ. ಆ ಹುಡಿಗಿ ನಾಳೆ ಬರ್ತೇನಿ ಅಂದ್ಲಲ್ಲ, ಅದಕ್ಕ ಬಂದೀನಿ" ಅಂದಳು.

ಎರಡೇ ದಿನಕ್ಕೆ ಆದೇಶ ಬಂತು. ನಮೂನೆಯ ಹೊಲಿಗೆ ಭಾರತದಲ್ಲಿ ಆಮದುದಾರರೇ ಮಾಡಿದ್ದು, ಉಳಿದ ಮಾಲು ಉಡುಪೆನ್ನುವ ಯೋಗ್ಯತೆ ಇಲ್ಲದ್ದು, ಆದ್ದರಿಂದ ಹಬ್ಬದ ಸಾಮಾನು ಎಂದು ಪರಿಗಣಿಸಿ ಬಿಡುಗಡೆ ಮಾಡಲಾಗಿದೆ. ಯುನೂಸ ಇದನ್ನು ಸಿಕ್ಕ ಸಿಕ್ಕವರಿಗೆಲ್ಲ ಓದಿ ಹೇಳಿದ. ಸಿಂದಗಿಯಲ್ಲಿ ಈ ಮಾತು ಗಾಳಿಯಂತೆ ಹಬ್ಬಿತು. ಹಳಸಿದ ಭಜಿ ಕೊಟ್ಟ ಹೋಟೆಲಿನವನಿಗೆ "ಇದೇನ್ರಿ, ಹಬ್ಬದ ಸಾಮಾನೇನು?" ಅಂದರು. ಬ್ರೇಕು ಹಿಡಿಯದ ಟಂಟಂ ಗಾಡಿಗೂ ಅದೇ ಹೆಸರು ಬಿತ್ತು.

ಲಾರಿ ಇಪ್ಪತ್ತೊಂದಕ್ಕೆ ಬಂತು. ಹರಿದದ್ದರ ಲೆಕ್ಕ ಸರಿಹೋಗಲಿ ಅಂತ ಮೊದಲ ಆನೆಯನ್ನೂ ಏಜೆಂಟ್ ಅದರೊಳಗೇ ಇಟ್ಟು ಕಳಿಸಿದ್ದ. ಸುಗ್ರಾಬಿ ಡಬ್ಬಿಗಳನ್ನು ಒಂದು ಸುತ್ತು ನೋಡಿ ಅಂದಳು, "ಒಂದೂ ಹಿಂಗ ವೇದಿಕೆ ಹತ್ತೂದಿಲ್ಲ."

"ಮೂರ ದಿನ ಉಳದಾವ್ರಿ! ಅರವತ್ಮೂರ ಪ್ರಾಣಿ!" ಅಂದೆ.

ಆಕೆ ಫೋನು ತೆಗೆದು ಮೂರು ಕಡೆ ಮಾತಾಡಿದಳು. ಮರುದಿನ ಮೊದಲ ಬಸ್ಸಿಗೆ ತಂಗಡಗಿಯಿಂದ ಲಕ್ಕವ್ವ ಬಂದಳು, ಹಿಂದೆ ಸುಗ್ರಾಬಿಯ ಹತ್ತಿರ ಹೊಲಿಗೆ ಕಲಿತವಳು. ಸಾಲೋಟಗಿಯಿಂದ, ಬಾಗೇವಾಡಿಯಿಂದ ಇನ್ನೂ ಐದು ಜನ ಶಿಷ್ಯೆಯರು ಬಂದರು. ಶಾಲೆಯ ವರಾಂಡದಲ್ಲಿ ಏಳು ಮಷೀನು ಸಾಲಾಗಿ ನಿಂತವು. ಮಕ್ಕಳ ತಾಯಂದಿರು ದಾರ ಕತ್ತರಿಸಿದರು, ನಾನು ಬಾಲ ಹಚ್ಚಿದೆ. ನಾನು ಹಚ್ಚಿದ ಬಾಲಗಳನ್ನೆಲ್ಲ ಸುಗ್ರಾಬಿ ಜಗ್ಗಿ ನೋಡಿ, ಒಂಬತ್ತನ್ನು ಕಿತ್ತು ವಾಪಸು ಕೊಟ್ಟಳು. ಗಿಡವಾಗಿದ್ದ ಹುಡುಗನ ತಾಯಿಯೂ ಬಂದಿದ್ದಳು. ಈ ಸಲ ಮಗ ಕರಡಿ, ಹಾಗಾಗಿ ಬಾಯಿ ತುಂಬ ನಗು. ಮೈಬೂಬ ಮೂರು ದಿನ ಹುಲಿ, ಚಿರತೆ, ಕರಡಿ, ಜಿರಾಫೆ ಎಲ್ಲವನ್ನೂ ಒಂದಾದ ಮೇಲೊಂದು ಹಾಕಿ ಬಿಚ್ಚಿದ. ಜಿರಾಫೆಯಲ್ಲಿ ಕುತ್ತಿಗೆ ಸಿಕ್ಕಿಕೊಂಡಾಗ ಮಾತ್ರ "ಇದು ಆಗೂದಿಲ್ರಿ" ಅಂದ. ಸುಗ್ರಾಬಿ ಎಲ್ಲರ ನಡುವೆ ಓಡಾಡುತ್ತ ಬಗಲು ನೋಡಿದಳು, ಬೈದಳು, ಹೊಲಿದಳು. ತನ್ನದೇ ಮೈಮೇಲಿನದನ್ನು ನೋಡಿಕೊಳ್ಳಲು ಆಕೆಗೆ ಪುರುಸೊತ್ತು ಎಲ್ಲಿಯದು?

ಇಪ್ಪತ್ತನಾಲ್ಕರ ಸಂಜೆ ಮೈದಾನ ತುಂಬಿತು. ಕಾಡಿನ ಪಂಚಾಯ್ತಿ ಶುರುವಾಯಿತು. ಅರವತ್ತನಾಲ್ಕು ಪ್ರಾಣಿಗಳು ವೇದಿಕೆಯ ಮೇಲೆ ಒಟ್ಟಿಗೆ ಗರ್ಜಿಸಿದಾಗ ಹಿಂದಿನ ಸಾಲಿನ ಎರಡು ಕೂಸು ನಿಜವಾಗಿಯೂ ಅತ್ತವು. ಮಂಗಗಳು ಜೋತಾಡಿದವು, ಮೊಲಗಳು ಜಿಗಿದವು, ಕರಡಿ ತನ್ನ ತಾಯಿಯನ್ನು ಕಂಡು ಮಾತು ಮರೆತು ಕೈ ಬೀಸಿತು. ಸರಪಂಚ ಆನೆ ನಿಷತ ಎರಡೂ ಕೈ ಮೇಲೆತ್ತಿ "ಪಂಚಾಯ್ತಿ ಮುಗೀತು, ಎಲ್ಲಾರೂ ಮನೀಗಿ ನಡೀರಿ!" ಅಂತ ಒದರಿದಳು. ಮೊದಲ ಸಾಲಿನಲ್ಲಿ ಸುಗ್ರಾಬಿ ಉಸಿರು ಬಿಗಿಹಿಡಿದು ಆ ಬಗಲನ್ನೇ ನೋಡುತ್ತಿದ್ದಳು. ಒಂದು ಎಳೆಯೂ ಅಲುಗಲಿಲ್ಲ. ಅರವತ್ತನಾಲ್ಕರಲ್ಲಿ ಒಂದೂ ಬಿಚ್ಚಲಿಲ್ಲ.

ಬಸಂತರಾಯ ಸರ್ ಮೈಕಿನಲ್ಲಿ ಸುಗ್ರಾಬಿಯ ಹೆಸರು ಕರೆದರು. ಆಕೆ ಎಂದಿನಂತೆ ಒಲ್ಲೆ ಒಲ್ಲೆ ಅಂತ ಕೈಯಾಡಿಸಿದಳು. ದೊಡ್ಡವರ ಮಾತಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಲಿ ಕೇಳಲಿಲ್ಲ, ಕರಡಿ ಕೇಳಲಿಲ್ಲ. ಇಡೀ ಕಾಡು ಕೆಳಗಿಳಿದು ಬಂದು, ಸೆರಗು ಹಿಡಿದು, ಹಿಂದಿನಿಂದ ನೂಕಿ, ಆಕೆಯನ್ನು ವೇದಿಕೆಗೆ ಹತ್ತಿಸಿಯೇ ಬಿಟ್ಟಿತು. ನಿಷತ ಆಕೆಯ ಕೈ ಹಿಡಿದು, ಕುಸ್ತಿ ಗೆದ್ದವರ ಕೈ ಎತ್ತಿದ ಹಾಗೆ, ಜಿಗಿದು ಮೇಲೆ ಎತ್ತಿದಳು.

ಟರ್ರ್.

ಮೈಕು ಅಲ್ಲೇ ಇತ್ತು. ಸುಗ್ರಾಬಿಯ ಕುಪ್ಪಸದ ಬಗಲು ಹರಿದ ಸದ್ದು ಮೈದಾನದ ನಾಲ್ಕೂ ಧ್ವನಿವರ್ಧಕಗಳಲ್ಲಿ ಕೇಳಿತು. ಆಮೇಲೆ ಸಿಂದಗಿಗೆ ಸಿಂದಗಿಯೇ ನಕ್ಕಿತು.

ಆ ನವಿಲಿನ ಕತೆ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಈಗ ಓಡುತ್ತಾಳೆ, ಅಂದುಕೊಂಡು ನಾನು ಮೆಟ್ಟಿಲಿನ ಕಡೆ ಓಡಿದೆ.

ಸುಗ್ರಾಬಿ ಓಡಲಿಲ್ಲ. ಕತ್ತು ಬಗ್ಗಿಸಿ ತನ್ನ ಬಗಲನ್ನು ತಾನೇ ನೋಡಿದಳು. ಬೆರಳು ಹಾಕಿ ಹೊಲಿಗೆ ಮುಟ್ಟಿದಳು. ಸೆರಗು ಎಳೆದು ಮುಚ್ಚಿಕೊಂಡು, ಮೈಕಿನ ಹತ್ತಿರ ಬಾಯಿ ತಂದಳು.

"ಇದು ಹಬ್ಬದ ಸಾಮಾನ ಐತ್ರಿ!"

ಎಪ್ಪಾ, ಆ ನಗು! ಮುದುಕರು ಕುರ್ಚಿಯಿಂದ ಜಾರಿದರು. ಯುನೂಸ ಸೀಟಿ ಹೊಡೆದ. ಮೈಬೂಬ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ, ಆತ ಹಲ್ಲು ಬಿಟ್ಟದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಸುಗ್ರಾಬಿಯೂ ನಕ್ಕಳು, ಇನ್ನೊಂದು ಕೈಯನ್ನೂ ಮೇಲೆತ್ತಿ ನಕ್ಕಳು, ಕಪ್ಪು ಕನ್ನಡಕದ ಕೆಳಗಿಂದ ಕೆನ್ನೆಯ ಮೇಲೆ ನೀರು ಇಳಿಯುವಷ್ಟು ನಕ್ಕಳು.

ಆನೆ ಅದನ್ನು ನೋಡಿತು. ಎಡಗಡೆಯ ಕಿಸೆಗೆ ಕೈ ಹಾಕಿ, ಮಡಚಿದ ಕರ್ಚೀಪು ತೆಗೆದು, ಮೇಲೆ ಚಾಚಿತು.

"ಕಣ್ಣ ಒರಸ್ಕೋರಿ. ನೀರ ತಾಗಬಾರದಂತ ಡಾಕ್ಟರ್ ಹೇಳ್ಯಾರಲ್ರಿ."